ಕಾವಲುಗಾರನೇ ಕುಸಿದಾಗ: ಫೈರ್‌ವಾಲ್‌ಗಳ ಒಂದು ದೌರ್ಬಲ್ಯ



ಪುಣೆಯ ಹಡಪ್ಸರದ ಬಳಿಯ ಮಗರಪಟ್ಟಾದಲ್ಲಿ ಹಿಂದೆ ಕಬ್ಬಿನ ಗದ್ದೆಗಳಿದ್ದವು. ಅಲ್ಲಿನ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಸುಮಾರು 400 ಎಕರೆ ಭೂಮಿಯನ್ನು ಪರಭಾರೆ ಮಾಡದೆ ಒಟ್ಟುಗೂಡಿಸಿ, ಜಮೀನಿನ ಪ್ರಮಾಣಕ್ಕನುಗುಣವಾಗಿ ಪಾಲುದಾರರಾಗಿ ಉಪನಗರವೊಂದನ್ನು ನಿರ್ಮಿಸಿದುದು ಸರ್ವವಿದಿತ. ಇಂದು ಅಲ್ಲಿನ ಸೈಬರ್‌ಸಿಟಿಯ ಕಚೇರಿಗಳು ದೂರದೇಶಗಳ ಗ್ರಾಹಕರಿಗಾಗಿ ದುಡಿಯುತ್ತವೆ. ಇಂತಹ ಕಚೇರಿಯ ಕಟ್ಟಡಕ್ಕೆ ಹೊರಬಾಗಿಲಲ್ಲಿ ಕಾವಲುಗಾರನಿರುವಂತೆ, ಗಣಕಜಾಲಕ್ಕೆ ಫೈರ್‌ವಾಲ್ ಎಂಬ ಸಾಧನವಿರುತ್ತದೆ. ಒಳಬರುವ, ಹೊರಹೋಗುವ ಪ್ರತಿಯೊಂದು ಪ್ಯಾಕೆಟ್ಟನ್ನೂ ಅದು ಪರಿಶೀಲಿಸುತ್ತದೆ.

ಆದರೆ ಎಲ್ಲರೂ ಒಂದೇ ಬಾಗಿಲಿನಿಂದ ಸಾಗಬೇಕಾದಲ್ಲಿ, ಕಾವಲುಗಾರನು ಮೂರ್ಛೆ ಹೋದರೆ ಬಾಗಿಲೇ ಮುಚ್ಚಿದಂತೆ. ಏನನ್ನೂ ಕದಿಯದೆ ಹೀಗೆ ಕೆಲಸವನ್ನೇ ಸ್ಥಗಿತಗೊಳಿಸುವ ಕೃತ್ಯಕ್ಕೆ ಸೇವಾ ನಿರಾಕರಣ ದಾಳಿಯೆಂದು ಹೆಸರು.

ಇದಕ್ಕೆ ಪ್ರವಾಹದಂತಹ ದಟ್ಟಣೆ ಬೇಕೆಂಬುದು ಸಾಮಾನ್ಯ ನಂಬಿಕೆ. 2016ರ ನವೆಂಬರಿನಲ್ಲಿ ಡೆನ್ಮಾರ್ಕಿನ ಟಿಡಿಸಿ ದೂರಸಂಪರ್ಕ ಸಂಸ್ಥೆಯ ತಜ್ಞರು ಆ ನಂಬಿಕೆಯನ್ನು ಅಲ್ಲಗಳೆದರು. ‘ಬ್ಲ್ಯಾಕ್‌ನರ್ಸ್’ ಎಂದು ಹೆಸರಾದ ಆ ವಿಧಾನದಲ್ಲಿ, ‘ಗಮ್ಯಸ್ಥಾನ ತಲುಪಲಾಗಲಿಲ್ಲ’ ಎಂಬರ್ಥದ ಪುಟ್ಟ ಐಸಿಎಂಪಿ ಸಂದೇಶಗಳನ್ನು ಸೆಕೆಂಡಿಗೆ 40–50 ಸಾವಿರದಂತೆ ಕಳುಹಿಸಲಾಗುತ್ತಿತ್ತು. ಒಟ್ಟು ವೇಗ ಕೇವಲ 15ರಿಂದ 18 ಮೆಗಾಬಿಟ್. ಒಂದು ಲ್ಯಾಪ್‌ಟಾಪ್ ಸಾಕು. ಸಂಪರ್ಕದ ತಂತಿ ಬಹುಪಾಲು ಖಾಲಿಯೇ ಇದ್ದರೂ ಕೆಲವು ಫೈರ್‌ವಾಲ್‌ಗಳ ಪ್ರೊಸೆಸರ್ ಆ ಸಂದೇಶಗಳ ವಿಚಾರಣೆಯಲ್ಲೇ ದಣಿದು, ಒಳಗಿನವರ ಸಂಪರ್ಕವೆಲ್ಲ ಕಡಿದುಹೋಗುತ್ತಿತ್ತು. ದಾಳಿ ನಿಂತೊಡನೆ ಎಲ್ಲವೂ ಯಥಾಸ್ಥಿತಿ! ಹಾಗೆಂದು ಆ ಬಗೆಯ ಸಂದೇಶಗಳನ್ನೆಲ್ಲ ತಡೆಯುವುದೂ ಸುಲಭವಲ್ಲ. ಪ್ಯಾಕೆಟ್ಟಿನ ಯೋಗ್ಯ ಗಾತ್ರವನ್ನು ಜಾಲವು ಅರಿಯುವುದು ಅವುಗಳಲ್ಲಿ ಕೆಲವುಗಳಿಂದಲೇ.

2024ರ ಡಿಸೆಂಬರಿನಲ್ಲಿ ಬಹಿರಂಗಗೊಂಡ ದೋಷ ಇನ್ನೂ ವಿಚಿತ್ರ. ಪಾಲೋ ಆಲ್ಟೋ ನೆಟ್‌ವರ್ಕ್ಸ್ ಸಂಸ್ಥೆಯ ಕೆಲವು ಫೈರ್‌ವಾಲ್‌ಗಳಲ್ಲಿ, ದುರುದ್ದೇಶದ ಡಿಎನ್‌ಎಸ್ ಪ್ಯಾಕೆಟ್ಟನ್ನು ತಡೆಯುವ ಕರ್ತವ್ಯ ನಿರ್ವಹಿಸುವಾಗಲೇ ಸಾಧನವು ಮರುಪ್ರಾರಂಭಗೊಳ್ಳುತ್ತಿತ್ತು. ಯತ್ನ ಪುನರಾವರ್ತನೆಯಾದಲ್ಲಿ ಅದು ದುರಸ್ತಿಯ ಸ್ಥಿತಿಗೆ ಜಾರಿ, ಸಿಬ್ಬಂದಿಯ ಆಗಮನಕ್ಕಾಗಿ ಕಾಯಬೇಕಾಗುತ್ತಿತ್ತು. ಕಳ್ಳನನ್ನು ಹಿಡಿದ ಕಾವಲುಗಾರನೇ ನೆಲಕ್ಕುರುಳಿದಂತೆ!

ಅನೇಕ ಕಚೇರಿಗಳು ಒಂದಕ್ಕೆ ಬದಲಾಗಿ ಎರಡು ಫೈರ್‌ವಾಲ್ ಇರಿಸಿ ನಿಶ್ಚಿಂತೆಯಿಂದಿರುತ್ತವೆ. ಯಂತ್ರ ಕೆಟ್ಟಾಗ ಇದು ಉಪಯುಕ್ತ. ಎರಡರಲ್ಲಿಯೂ ಅದೇ ದೋಷಯುಕ್ತ ತಂತ್ರಾಂಶವಿದ್ದರೆ ಮೊದಲನೆಯದನ್ನು ಕೆಡವಿದ ಪ್ಯಾಕೆಟ್ಟು ಎರಡನೆಯದನ್ನೂ ಕೆಡವೀತು. ತಯಾರಕರ ತಿದ್ದುಪಡಿಯನ್ನು ವಿಳಂಬವಿಲ್ಲದೆ ಅಳವಡಿಸುವುದು, ಸಾಧನದ ನಿರ್ವಹಣಾ ದ್ವಾರವನ್ನು ಹೊರಜಾಲಕ್ಕೆ ತೆರೆದಿಡದಿರುವುದು, ಸಂದೇಶಗಳ ಸಂಖ್ಯೆಗೆ ಮಿತಿ ವಿಧಿಸುವುದು — ಇವು ಹೆಚ್ಚು ವೆಚ್ಚದ ಕಾರ್ಯಗಳಲ್ಲ. ಆದರೂ ‘ನಡೆಯುತ್ತಿರುವುದನ್ನು ಮುಟ್ಟುವುದೇಕೆ’ ಎಂಬ ಮನೋಭಾವದಿಂದ ಇವೇ ಮುಂದೂಡಲ್ಪಡುತ್ತವೆ.

2004ರಿಂದ ಕಾರ್ಯನಿರ್ವಹಿಸುತ್ತಿರುವ ಸರ್ಟ್-ಇನ್ ಸಂಸ್ಥೆಯು ಇಂತಹ ದೋಷಗಳ ಕುರಿತು ಸೂಚನೆಗಳನ್ನು ಹೊರಡಿಸುತ್ತದೆ. ಅದರ 2022ರ ಏಪ್ರಿಲ್ 28ರ ನಿರ್ದೇಶನದನ್ವಯ, ಸೇವಾ ನಿರಾಕರಣ ದಾಳಿಯೂ ಸೇರಿದಂತೆ ಪಟ್ಟಿಯಲ್ಲಿ ನಮೂದಿಸಿದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗಾಗಿ ವರದಿ ಮಾಡತಕ್ಕದ್ದು. ಫೈರ್‌ವಾಲ್ ಕಾರಣವಿಲ್ಲದೆ ಪದೇ ಪದೇ ಮರುಪ್ರಾರಂಭಗೊಂಡರೆ ರಾತ್ರಿ ಪಾಳಿಯ ಸಿಬ್ಬಂದಿ ಅದನ್ನು ವಿದ್ಯುತ್ತಿನ ತೊಂದರೆಯೆಂದು ಬರೆದಿಟ್ಟು ಸುಮ್ಮನಾಗದೆ, ಸಾಧನದ ದಾಖಲೆಗಳನ್ನು ಅಳಿಸಿಹೋಗುವ ಮುನ್ನ ಬೇರೆಡೆ ಸಂರಕ್ಷಿಸಿ, ಆ ಗಡುವಿನೊಳಗೇ ಮೇಲಧಿಕಾರಿಗಳಿಗೆ ತಿಳಿಸಬೇಕಾಗುತ್ತದೆ.