ಡೋಣಿ ಹರಿದರೆ ಓಣಿಗೆ ಜೋಳ ಬರ್ತದೇನು?

 

ನಮ್ಮ ವಿಜಯಪುರ ಜಿಲ್ಲೆ ಅಂದ್ರೆ ಎಲ್ಲರೂ ಭೀಮಾ, ಕೃಷ್ಣಾ ಅಂತಾರೆ. ಅವೆರಡರ ನಡುವೆ ಇನ್ನೊಂದು ನದಿ ಐತಿ, ಡೋಣಿ. ಅದು ಸುದ್ದಿಗೆ ಬರೋದು ತಾಳಿಕೋಟೆ ಹತ್ರ ಸೇತುವೆ ಮುಳುಗಿದಾಗ ಮಾತ್ರ. ಮಹಾರಾಷ್ಟ್ರದ ಜತ್ತ ಕಡೆ ಹುಟ್ಟಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲಿ ಹಾವಿನಂಗ ಸುತ್ತಿ ಕೃಷ್ಣೆಗೆ ಸೇರ್ತದೆ. 1565ರ ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ ಇದರ ದಂಡಿ ಮ್ಯಾಲಿನ ಊರೇ.

‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಅನ್ನೋ ಗಾದೆ ಕೇಳೀರಿ. ತಮಾಷೆ ನೋಡ್ರಿ, ಡೋಣಿ ನೀರು ಸವಳು, ಬಾಯಿಗೆ ಹಾಕೋ ಹಂಗಿಲ್ಲ. ಮತ್ತ ಜೋಳ ಹೆಂಗ ಬೆಳೀತದೆ? ಲೆಕ್ಕ ಇರೋದು ನೀರಿನಾಗಲ್ಲ, ಎರಿ ಮಣ್ಣಿನಾಗ. ಆಳವಾದ ಕಪ್ಪು ಮಣ್ಣು ಮಳೆಗಾಲದ ತೇವ ಕುಡಿದು ಹಿಡಿದಿಟ್ಕೊಳ್ತದೆ. ಸೆಪ್ಟೆಂಬರ್, ಅಕ್ಟೋಬರ್‌ದಾಗ ಬಿತ್ತಿದ ಬಿಳಿಜೋಳ ಅದೇ ತೇವದ ಮ್ಯಾಲೆ, ಚಳಿಗಾಲದ ಇಬ್ಬನಿಯಲ್ಲಿ ತೆನೆಗೆ ಬರ್ತದೆ. ಎಳ್ಳಮಾಸಿಗೆ ಚರಗ ಚೆಲ್ಲೋಕೆ ಹೋದವರಿಗೆ ಆ ಹಸಿರು ಗೊತ್ತು.

ಈಗ ನನಗೆ ಕಾಡೋ ವಿಷಯ. ಹಿಂದೆ ಹೊಳೆ ಉಕ್ಕೋ ಹೊತ್ತಿಗೆ ಹಿಂಗಾರಿ ಹೊಲ ಖಾಲಿ ಇರ್ತಿತ್ತು. ನೀರು ಬಂತು, ಮೆಕ್ಕಲು ಬಿಟ್ಟು ಹೋಯ್ತು, ಆಮೇಲೆ ಬಿತ್ತನೆ. ಈಗ ಅದೇ ಹೊಲದಾಗ ಜೂನ್‌ನಿಂದಲೇ ತೊಗರಿ, ಹತ್ತಿ ನಿಂತಿರ್ತವೆ. ಜೋಳಕ್ಕಿಂತ ಅದರಾಗ ರೊಕ್ಕ ಜಾಸ್ತಿ. ರೈತರನ್ನ ಬೈಯೋಕೆ ನಾನ್ಯಾರು? ಆದರ ಹೊಳಿ ಪಾತ್ರದಾಗ ಹೂಳು ತುಂಬೇದ, ಬಳ್ಳಾರಿ ಜಾಲಿ ದಟ್ಟಾಗಿ ಬೆಳೆದದ. ಹಂಗಾಗಿ ನೀರು ಬೇಗ ಹೊಲಕ್ಕ ನುಗ್ತದೆ, ಬೇಗ ಇಳಿಯೋದಿಲ್ಲ. ಹೂವು ಬಿಡೋ ತೊಗರಿ ನಾಲ್ಕು ದಿನ ನೀರಾಗ ನಿಂತ್ರ ಬೇರು ಕೊಳೀತು ಅಂತಲೇ ಲೆಕ್ಕ.

ನಾನು ಬಿ.ಕಾಂ ಓದಿದ್ದು. ಡೋಣಿ ಪ್ರವಾಹವನ್ನ ಹಳೇ ಖಾತೆಯಲ್ಲಿ ಜಮಾ ಬದಿಗೆ ಬರೀತಿದ್ರು, ಈಗ ಖರ್ಚಿನ ಬದಿಗೆ ಬರೀತೀವಿ. ಹೂಳು ತೆಗೀರಿ ಅನ್ನೋ ಬೇಡಿಕೆ ಸರಿ, ಅದು ಆಗಲೇಬೇಕು. ಆದರ ತಗ್ಗಿನ ದಂಡಿ ಹೊಲಗಳಲ್ಲಿ ಜೋಳ ಬಿತ್ತಿದವನಿಗೆ ತೊಗರಿಯಷ್ಟು ಆದಾಯ ಸಿಗೋ ಹಂಗ ಬೆಲೆ ಯಾಕಿಲ್ಲ? ಈ ಮಾತು ಯಾರೂ ಎತ್ತೋದಿಲ್ಲ.

ಡೋಣಿ ದಂಡಿ ಊರಿನವರು ಇದ್ರೆ ಒಂದು ಕೆಲಸ ಮಾಡ್ರಿ. ನವರಾತ್ರಿ ಹೊತ್ತಿಗೆ ನಿಮ್ಮ ಹೊಲ ಮೊದಲು ಹೆಂಗಿರ್ತಿತ್ತು ಅಂತ ಮನಿ ಅಜ್ಜನ್ನ ಕೇಳಿ, ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಅವನ್ನ ಕೇಳೋಣ.