ಹಿರಿಯರ ನಿದ್ರೆಗೆ ಕತ್ತಲೆಯೂ ಬೇಕು
(ಹುಲಸೂರಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)

ಬೆಳೆಯ ಮಾತು ಆಡುವವನು ಇಂದು ಮನೆಯ ದೀಪದ ಮಾತು ಎತ್ತಿದ್ದಾನೆಂದು ತಾವು ನಗಬಾರದು. ಬೆಳೆಯಿಂದಲೇ ಆರಂಭಿಸುತ್ತೇನೆ.

ಬೀದಿದೀಪದ ಬೆಳಕು ಬೀಳುವಲ್ಲಿ ಬೆಳೆದ ಸೋಯಾಬೀನ್ ನೋಡಿರಿ. ಹೊಲದ ಉಳಿದ ಗಿಡಗಳು ಬಲಿತು ಎಲೆ ಉದುರಿಸಿದರೂ ಅವು ಹಸಿರಾಗಿಯೇ ನಿಂತಿರುತ್ತವೆ. ಸೋಯಾಬೀನ್ ರಾತ್ರಿ ಉದ್ದವಾದುದನ್ನು ಅರಿತು ಹೂ ಬಿಡುವ ಬೆಳೆ. ರಾತ್ರಿಯೆಲ್ಲ ಬೆಳಕು ಬಿದ್ದರೆ ಅದರ ಲೆಕ್ಕ ತಪ್ಪುತ್ತದೆ.

ನಮ್ಮ ದೇಹದಲ್ಲಿಯೂ ಹಗಲು ರಾತ್ರಿಗಳನ್ನು ಅರಿಯುವ ಗಡಿಯಾರವೊಂದಿದೆ. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 63ರಿಂದ 84 ವರ್ಷದ 552 ಹಿರಿಯರ ಮಣಿಕಟ್ಟಿಗೆ ಬೆಳಕು ಅಳೆಯುವ ಸಾಧನ ಕಟ್ಟಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ದಿನದಲ್ಲಿ 5 ಗಂಟೆಯ ಪೂರ್ತಿ ಕತ್ತಲೆಯೂ ಸಿಕ್ಕಿರಲಿಲ್ಲ. ಅಂಥವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಕತ್ತಲೆ ಸಿಕ್ಕವರಲ್ಲಿ ಸುಮಾರು 10 ಮಂದಿಗೆ. ಬೊಜ್ಜು, ರಕ್ತದೊತ್ತಡಗಳೂ ಬೆಳಕಿನಲ್ಲಿ ಮಲಗುವವರಲ್ಲೇ ಹೆಚ್ಚು.

ಬೆಳಕೇ ರೋಗ ತಂದಿತೆಂದು ಇದರಿಂದ ಹೇಳಲಾಗದು. ರೋಗವಿದ್ದವರು ರಾತ್ರಿ ಪದೇ ಪದೇ ಎದ್ದು ದೀಪ ಹಾಕುವುದೂ ಉಂಟು. ಆದರೆ ಅದೇ ವರ್ಷ ಅಲ್ಲಿಯೇ ಆರೋಗ್ಯವಂತ ತರುಣರನ್ನು ಒಂದು ರಾತ್ರಿ ದೀಪದ ಬೆಳಕಿನಲ್ಲಿ ಮಲಗಿಸಿ ಪರೀಕ್ಷಿಸಿದರು. ನಿದ್ರೆಯಲ್ಲೂ ಅವರ ಎದೆಬಡಿತ ಏರಿತ್ತು. ಮುಂಜಾನೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿನ ಪ್ರಭಾವ ಕುಗ್ಗಿತ್ತು.

ಹಿಂದೆ ಕಂದೀಲಿನ ಬತ್ತಿ ಇಳಿಸಿ ಮಲಗುತ್ತಿದ್ದೆವು. ಈಗ ಅಜ್ಜ ಪಡಸಾಲೆಯಲ್ಲಿ ಮಲಗಿದ್ದರೂ ಅಲ್ಲಿಯೇ ಟಿ.ವಿ. ನಡೆಯುತ್ತದೆ, ಎಲ್‌ಇಡಿ ಬಲ್ಬು ಬೆಳಗಿನವರೆಗೂ ಉರಿಯುತ್ತದೆ. ದೀಪವಿರಲೆಂದು ಹೇಳುವವರ ಭಯವೂ ಸುಳ್ಳಲ್ಲ. ಕತ್ತಲಲ್ಲಿ ಎಡವಿ ಬಿದ್ದರೆ ಮುಪ್ಪಿನ ಎಲುಬು ಮುರಿದೀತು. ಚೇಳು ಹಾವುಗಳ ಅಂಜಿಕೆಯೂ ಇದೆ.

ಆದುದರಿಂದ ಹೀಗೆ ಮಾಡಿರಿ:

1. ಹಿರಿಯರು ಮಲಗಿದ ಮೇಲೆ ದೊಡ್ಡ ದೀಪ, ಟಿ.ವಿ. ಆರಿಸಿರಿ.
2. ಬೆಳಕು ಬೇಕೇಬೇಕೆಂದರೆ ಮಂದವಾದ ಕೆಂಪು ಅಥವಾ ಹಳದಿ ದೀಪವನ್ನು ನೆಲದ ಹತ್ತಿರ, ಮುಖಕ್ಕೆ ಬೀಳದಂತೆ ಇಡಿರಿ.
3. ದಿಂಬಿನ ಬಳಿ ಬ್ಯಾಟರಿ ಇಡಿರಿ; ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಾಮಾನು ಇಡಬೇಡಿರಿ.
4. ಬೀದಿದೀಪ ಒಳಗೆ ಬಿದ್ದರೆ ಕಿಟಕಿಗೆ ದಪ್ಪ ಪರದೆ ಕಟ್ಟಿರಿ.

ದೀಪ ಆರಿಸುವುದು ಔಷಧಕ್ಕೆ ಬದಲಲ್ಲ. ವೈದ್ಯರು ಕೊಟ್ಟ ಗುಳಿಗೆ ಬಿಡಬಾರದು; ಸರಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆ ತಪ್ಪಿಸಬಾರದು. ಆದರೆ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಕರೆಂಟು ಬಿಲ್ಲೂ ತುಸು ಇಳಿಯುತ್ತದೆ. ಈ ರಾತ್ರಿಯೇ ಆರಂಭಿಸಿರೆಂದು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.