ಹೊಸ ಊರು, ಬಾಡಿಗೆಯ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯನ್ನು ಮಾಡಿದವರು ಉದ್ಯೋಗಕ್ಕಾಗಿ ಊರು ಬಿಟ್ಟು ಊರಿಗೆ ಹೋದವರಲ್ಲವೆಂದು ತೋರುತ್ತದೆ. ಹೋಗಿದ್ದ ಪಕ್ಷದಲ್ಲಿ ‘ಬಾಡಿಗೆಗೆ ಹಿಡಿದು ನೋಡು’ ಎಂಬ ಮೂರನೆಯ ಮಾತನ್ನೂ ಅದಕ್ಕೆ ಸೇರಿಸುತ್ತಿದ್ದರು. ಕಟ್ಟುವವನು ತನ್ನ ನೆಲವನ್ನು ಬಲ್ಲವನು. ಮದುವೆ ಮಾಡುವವನು ಬೀಗರ ಕುಲಗೋತ್ರಗಳನ್ನು ವಿಚಾರಿಸಿರುತ್ತಾನೆ. ಬಾಡಿಗೆಗೆ ಮನೆ ಹಿಡಿಯುವವನಿಗಾದರೋ ನೆಲವೂ ತಿಳಿಯದು, ನೆರೆಯೂ ತಿಳಿಯದು. ಆದರೂ ಆತನು ಒಂದೆರಡು ದಿನಗಳೊಳಗೆ ತೀರ್ಮಾನ ಮಾಡಬೇಕು. ಆ ತೀರ್ಮಾನದ ಫಲವನ್ನು ಹೆಂಡಿರು ಮಕ್ಕಳೊಡನೆ ವರ್ಷಗಟ್ಟಲೆ ಅನುಭವಿಸಬೇಕು.

ಮೈಸೂರು ಸೀಮೆಯಿಂದ ಘಟ್ಟವಿಳಿದು ಉಡುಪಿಗೆ ಹೋಗಿ ನೆಲಸಿದ ನಾನು ಈ ವಿಷಯದಲ್ಲಿ ಕೊಂಚ ಬೆಲೆ ತೆತ್ತು ಕಲಿತ ಪಾಠವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಉದಾಹರಣೆಗಳೆಲ್ಲ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ನಾಲ್ಕು ಊರುಗಳವು. ವಿಚಾರ ಮಾತ್ರ ಯಾವ ಊರಿಗಾದರೂ ಸಲ್ಲತಕ್ಕದ್ದು.

ಮನೆ ಹುಡುಕುವಾಗ ನಾವು ಸಾಮಾನ್ಯವಾಗಿ ಕೇಳುವುದು ಮೂರೇ ಪ್ರಶ್ನೆಗಳು: ಬಾಡಿಗೆ ಎಷ್ಟು, ಕೋಣೆಗಳೆಷ್ಟು, ಕೆಲಸದ ಸ್ಥಳಕ್ಕೆ ದೂರವೆಷ್ಟು. ನಾನೂ ಇವನ್ನೇ ಕೇಳಿದೆ. ೨೦೨೦ನೆಯ ಇಸವಿಯ ಜನವರಿ ತಿಂಗಳು, ಆಕಾಶ ಶುಭ್ರವಾಗಿತ್ತು. ‘ಬೈಲು’ ಎಂಬ ಶಬ್ದದಲ್ಲಿ ಮುಗಿಯುವ ಹೆಸರಿನ ಒಂದು ಕೇರಿಯಲ್ಲಿ ಹೆಂಚಿನ ಮನೆಯೊಂದು ದೊರೆಯಿತು. ಸುತ್ತ ತೆಂಗು, ಪಕ್ಕದಲ್ಲಿ ಹಸಿರು ಗದ್ದೆ. ಬಾವಿಯಲ್ಲಿ ಕೈಗೆಟಕುವಷ್ಟು ಎತ್ತರಕ್ಕೆ ನೀರು. ಬಯಲುಸೀಮೆಯವನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯವೇನು ಬೇಕು! ಬಾಡಿಗೆಯೂ ಅಗ್ಗ. ಏತಕ್ಕೆ ಅಗ್ಗವೆಂದು ನಾನು ಕೇಳಲಿಲ್ಲ. ಬಾವಿಯ ನೀರು ಅಷ್ಟು ಮೇಲಿರುವುದಾದರೆ ಮಳೆಗಾಲದಲ್ಲಿ ಅದು ಎಲ್ಲಿಗೆ ಹೋದೀತೆಂದು ಯೋಚಿಸಲೂ ಇಲ್ಲ.

ಆ ವರ್ಷದ ಸೆಪ್ಟೆಂಬರ್ ೧೯ರ ರಾತ್ರಿ ಹಿಡಿದ ಮಳೆ ಬೆಳಗಾದರೂ ಬಿಡಲಿಲ್ಲ. ಸ್ವರ್ಣಾನದಿ ಉಕ್ಕಿತು, ಪಟ್ಟಣದ ತೋಡುಗಳು ತುಂಬಿ ರಸ್ತೆಗಳನ್ನೇ ಹಾದಿಮಾಡಿಕೊಂಡುವು. ಬನ್ನಂಜೆ, ಗುಂಡಿಬೈಲು, ಬೈಲಕೆರೆ, ಕಲ್ಸಂಕ ಮೊದಲಾದ ಕಡೆಗಳಲ್ಲಿ ನೀರು ನಿಂತು, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ನಮ್ಮ ಮನೆಯಲ್ಲಿ ನಡುರಾತ್ರಿ ಕಳೆದು ನಾನು ಮಂಚದಿಂದ ಕಾಲಿಳಿಸಿದಾಗ ಅದು ನೀರಿಗೆ ತಗುಲಿತು. ಇಪ್ಪತ್ತು ವರ್ಷ ಕೂಡಿಸಿದ ಪುಸ್ತಕಗಳ ಕೆಳಗಿನ ಎರಡು ಸಾಲುಗಳು ಆ ರಾತ್ರಿ ಹೋದುವು. ಅದಕ್ಕಿಂತ ಮುಖ್ಯವಾಗಿ, ನಡೆಯಲಾರದ ನನ್ನ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕಾಲುದ್ದದ ನೀರಿನಲ್ಲಿ ಹೊತ್ತು ಸಾಗಿಸಬೇಕಾಯಿತು. ಕುರ್ಚಿಯ ಒಂದು ಪಕ್ಕವನ್ನು ಹಿಡಿದವನು ನಾನು. ಇನ್ನೊಂದು ಪಕ್ಕವನ್ನು ಹಿಡಿದವರು ಮೇಲಿನ ದಿಣ್ಣೆಯ ಮನೆಯವರು. ಅವರ ಪರಿಚಯ ನನಗೆ ಅಷ್ಟಾಗಿ ಇರಲಿಲ್ಲ. ನಾಲ್ಕು ದಿನ ಅವರ ಮನೆಯಲ್ಲಿಯೇ ಇದ್ದೆವು. ಆ ಮನೆಯ ಮುದುಕಿ ಮಾರನೆಯ ದಿನ ಗಂಜಿ ಬಡಿಸುತ್ತ, ಬೈಲಿಗೆ ನೀರು ಬರದೆ ಮತ್ತೆಲ್ಲಿಗೆ ಬಂದೀತು, ಹೆಸರು ಕೇಳಿದಾಗಲೇ ತಿಳಿಯಲಿಲ್ಲವೆ ಎಂದರು. ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವ ನನಗೆ ಅದು ನಿಜವಾಗಿಯೂ ತಿಳಿದಿರಲಿಲ್ಲ.

ಈ ಕರಾವಳಿಯ ಸೀಮೆಯಲ್ಲಿ ನೆಲಕ್ಕೆ ಮೂರು ಮುಖ್ಯ ಹೆಸರುಗಳುಂಟು. ಗುಡ್ಡಗಳ ನಡುವಣ ತಗ್ಗು, ನೀರು ಹರಿದು ಬಂದು ನಿಲ್ಲುವ ಜಾಗ, ಬೈಲು; ಅಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯಬಹುದು. ಅದಕ್ಕಿಂತ ಕೊಂಚ ಮೇಲಿನದು ಮಜಲು, ಎರಡು ಬೆಳೆ. ಎಲ್ಲಕ್ಕೂ ಮೇಲೆ ಮಳೆಯೊಂದನ್ನೇ ನಂಬಿದ ನೆಲ ಬೆಟ್ಟು, ಒಂದೇ ಬೆಳೆ. ಗದ್ದೆಗಳು ಹೋಗಿ ಮನೆಗಳೆದ್ದಿವೆ. ಹೆಸರುಗಳು ಮಾತ್ರ ಉಳಿದುಕೊಂಡಿವೆ. ಗುಂಡಿಬೈಲು ಎಂಬಲ್ಲಿ ಗುಂಡಿಯೂ ಉಂಟು, ಬೈಲೂ ಉಂಟು. ಬೈಲಕೆರೆ ಎಂಬ ಹೆಸರು ಇನ್ನೂ ಸ್ಪಷ್ಟ. ಕಲ್ಸಂಕವೆಂದರೆ ಕಲ್ಲಿನ ಸಂಕ. ಕೆಳಗೆ ನೀರಿಲ್ಲದ ಕಡೆ ಯಾರೂ ಸಂಕ ಹಾಕುವುದಿಲ್ಲ. ಕುಂಜಿಬೆಟ್ಟು, ಬೀಡಿನಗುಡ್ಡೆ, ದೊಡ್ಡಣಗುಡ್ಡೆ ಎಂಬ ಹೆಸರುಗಳಲ್ಲಿ ಎತ್ತರದ ನೆನಪಿದೆ. ಹೆಸರೊಂದನ್ನೇ ನಂಬಿ ಮನೆ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ಮಣ್ಣು ತುಂಬಿ ಎತ್ತರಿಸಿದ ಬೈಲುಗಳೂ ಇವೆ, ತೋಡು ಮುಚ್ಚಿಹೋದುದರಿಂದ ನೀರು ನಿಲ್ಲುವ ದಿಣ್ಣೆಗಳೂ ಇವೆ. ಆದರೆ ಹೆಸರು ನಮಗೊಂದು ಪ್ರಶ್ನೆಯನ್ನು ಕೊಡುತ್ತದೆ. ಆ ಪ್ರಶ್ನೆಯನ್ನು ಕೇಳದೆ ಮುಂಗಡ ಕೊಡಬಾರದು.

ಹಾಗಾದರೆ ಎಲ್ಲರೂ ಬೆಟ್ಟಿಗೆ ಏರಿದರಾಯಿತೆ? ಅದೂ ಅಷ್ಟು ಸುಲಭವಲ್ಲ. ಅಲ್ಲಿಯ ನೆಲ ಮುರಕಲ್ಲು, ಎಂದರೆ ಕೆಂಪುಕಲ್ಲು. ಮಳೆಯ ನೀರು ಅದರ ರಂಧ್ರಗಳಲ್ಲಿ ಬಹು ಬೇಗ ಇಳಿದುಹೋಗುತ್ತದೆ. ಏಪ್ರಿಲ್ ಬರುವ ಹೊತ್ತಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ನೀರಿನ ಬರವೆಂದರೆ ಘಟ್ಟದ ಮೇಲಿನವರು ನಂಬುವುದಿಲ್ಲ. ಆದರೆ ಉಡುಪಿಯ ನಲ್ಲಿಗಳಿಗೆ ನೀರು ಬರುವುದು ಹಿರಿಯಡಕದ ಬಳಿ ಸ್ವರ್ಣಾನದಿಗೆ ಕಟ್ಟಿದ ಬಜೆ ಅಣೆಕಟ್ಟಿನಿಂದ. ೨೦೧೯ರ ಬೇಸಗೆಯಲ್ಲಿ ಅಲ್ಲಿಯ ನೀರು ತೀರ ಇಳಿದು, ಸರದಿಯ ಮೇಲೆ ನೀರು ಬಿಡಬೇಕಾಯಿತು. ಆದಕಾರಣ ಬೈಲಿನ ಮನೆಯನ್ನು ಸೆಪ್ಟೆಂಬರಿನ ಕಣ್ಣಿನಿಂದಲೂ ಬೆಟ್ಟಿನ ಮನೆಯನ್ನು ಮೇ ತಿಂಗಳ ಕಣ್ಣಿನಿಂದಲೂ ನೋಡಬೇಕು. ನಾವು ಮನೆ ನೋಡುವ ತಿಂಗಳು ಯಾವುದೋ ಅದು ನಮಗೆ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ.

ಇನ್ನು ನಾಲ್ಕು ಊರುಗಳ ಮಾತು. ಉಡುಪಿಯ ರಥಬೀದಿಯ ಸುತ್ತಣ ಕೇರಿಗಳಲ್ಲಿ ಎಲ್ಲವೂ ನಡಿಗೆಯಷ್ಟೇ ದೂರ: ದೇವಸ್ಥಾನ, ಪೇಟೆ, ಬಸ್ಸು, ವೈದ್ಯರು. ವಯಸ್ಸಾದವರಿರುವ ಸಂಸಾರಕ್ಕೆ ಇದು ದೊಡ್ಡ ಅನುಕೂಲ. ಆದರೆ ಗದ್ದಲವನ್ನು ಸಹಿಸಬೇಕು. ಎರಡು ವರ್ಷಕ್ಕೊಮ್ಮೆ ಜನವರಿ ೧೮ರಂದು ಪರ್ಯಾಯ ಬಂದಾಗ ಊರಿಗೆ ಊರೇ ಜಾತ್ರೆಯಾಗುತ್ತದೆ. ಮಣಿಪಾಲ ಉಡುಪಿಯಿಂದ ಪೂರ್ವಕ್ಕೆ ಐದಾರು ಕಿಲೋಮೀಟರ್ ದೂರದ ಗುಡ್ಡ. ಬೋಳಾಗಿದ್ದ ಆ ಗುಡ್ಡದ ಮೇಲೆ ಡಾಕ್ಟರ್ ಟಿ. ಎಂ. ಎ. ಪೈಗಳು ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಅಲ್ಲಿಂದ ಮುಂದೆ ಅದು ವಿದ್ಯಾರ್ಥಿಗಳ ಪಟ್ಟಣವಾಯಿತು. ೧೯೯೭ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಯೂ ಮಣಿಪಾಲಕ್ಕೆ ಬಂದಿದೆ. ಅಲ್ಲಿ ಬಾಡಿಗೆಯನ್ನು ಗೊತ್ತುಮಾಡುವುದು ಹೆಚ್ಚಾಗಿ ವಿದ್ಯಾರ್ಥಿಗಳ ಬೇಡಿಕೆ. ಮೂರು ನಾಲ್ಕು ಹುಡುಗರು ಕೂಡಿ ಕೊಡುವ ಬಾಡಿಗೆಯನ್ನು ಒಬ್ಬ ಸಂಸಾರಿಯ ಸಂಬಳ ಹೊರಲಾರದು. ಅಂಥವರು ಕೊಂಚ ಆಚೆಗೆ ಪರ್ಕಳದ ಕಡೆಗೋ, ಇಲ್ಲವೆ ಕೆಳಗಿಳಿದು ರೈಲುನಿಲ್ದಾಣವಿರುವ ಇಂದ್ರಾಳಿಯ ಕಡೆಗೋ ನೋಡುವುದು ಮೇಲು.

ಕಾಪು ಉಡುಪಿಗೆ ದಕ್ಷಿಣದಲ್ಲಿ, ಹೆದ್ದಾರಿಯ ಮೇಲೆ, ಹದಿಮೂರು ಕಿಲೋಮೀಟರ್ ದೂರದಲ್ಲಿದೆ. ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವನ್ನು ಸಂಜೆಯ ಬೆಳಕಿನಲ್ಲಿ ನೋಡಿದವನಿಗೆ ಅಲ್ಲಿಯೇ ಇದ್ದುಬಿಡೋಣವೆನಿಸುವುದು ಸಹಜ. ಆದರೆ ಕಡಲ ಗಾಳಿ ಉಪ್ಪಿನ ಗಾಳಿ. ಕಿಟಕಿಯ ಸರಳು, ಬೀಗ, ಸೈಕಲ್ಲು, ಎಲ್ಲಕ್ಕೂ ತುಕ್ಕು. ದಡಕ್ಕೆ ಹತ್ತಿರದ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿಯೇ ಒಪ್ಪಬೇಕು. ಮಕ್ಕಳ ಶಾಲೆ ಹೆದ್ದಾರಿಯ ಯಾವ ಪಕ್ಕದಲ್ಲಿದೆ ಎಂಬುದನ್ನೂ ಮರೆಯಬಾರದು. ದಿನಕ್ಕೆ ಎರಡು ಸಲ ಆ ರಸ್ತೆಯನ್ನು ದಾಟುವವರು ಅವರು. ಕಾರ್ಕಳ ಒಳನಾಡಿನದು, ಘಟ್ಟದ ಬುಡದ್ದು. ೧೪೩೨ರಲ್ಲಿ ನಿಲ್ಲಿಸಿದ ಗೊಮ್ಮಟನ ಕೆಳಗೆ, ಕೆರೆಗಳ ನಡುವೆ, ನಿಧಾನವಾಗಿ ಬಾಳುವ ಊರು. ಉಡುಪಿಯಿಂದ ಮೂವತ್ತೈದು ಕಿಲೋಮೀಟರಿಗೂ ಮೇಲೆ. ರೈಲಿಲ್ಲ, ಬಸ್ಸೇ ಗತಿ. ನಿಟ್ಟೆಯ ಕಾಲೇಜುಗಳಲ್ಲಿ ಕೆಲಸವಿರುವವರಿಗೆ ಅದು ಸರಿ. ಮಣಿಪಾಲದಲ್ಲಿ ಕೆಲಸವಿಟ್ಟುಕೊಂಡು ಬಾಡಿಗೆಯ ಉಳಿತಾಯಕ್ಕಾಗಿ ಅಲ್ಲಿರುವವರು, ದಿನವೂ ಬಸ್ಸಿನಲ್ಲಿ ಕಳೆಯುವ ಎರಡು ಮೂರು ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈ ವರೆಗೆ ನೆಲದ ಮಾತಾಯಿತು. ಇನ್ನು ನೆರೆಯ ಮಾತು. ಕನ್ನಡದಲ್ಲಿ ‘ನೆರೆ’ ಎಂದರೆ ಉಕ್ಕಿಬಂದ ನೀರೂ ಹೌದು, ಪಕ್ಕದ ಮನೆಯವರೂ ಹೌದು. ಒಂದೇ ಶಬ್ದ ಎರಡನ್ನೂ ಹೇಳುವುದರಲ್ಲಿ ಅರ್ಥವಿದೆಯೋ ಇಲ್ಲವೋ ಪಂಡಿತರು ಹೇಳಬೇಕು. ನನಗಂತೂ ಎರಡೂ ಒಂದೇ ರಾತ್ರಿ ಪರಿಚಯವಾದುವು.

ಆ ಮೊದಲನೆಯ ಮನೆಯನ್ನು ಹಿಡಿಯುವಾಗ ಮನೆಯೊಡೆಯರು ನನ್ನ ಉದ್ಯೋಗವನ್ನು ಕೇಳುವುದಕ್ಕೆ ಮೊದಲು ‘ಯಾವ ಜನ’ ಎಂದು ಕೇಳಿದ್ದರು. ನಾನು ಹೇಳಿದೆ, ಬೀಗದ ಕೈ ಕೈಗೆ ಬಂತು. ಆ ಪ್ರಶ್ನೆ ನನಗೆ ಆಗ ಅಷ್ಟೇನೂ ಚುಚ್ಚಲಿಲ್ಲ. ಅದೇ ತಿಂಗಳಿನಲ್ಲಿ ನನ್ನೊಡನೆ ಬಂದ ಸಹೋದ್ಯೋಗಿಯೊಬ್ಬರು ಮೂರು ಮನೆಗಳ ಬಾಗಿಲಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಹೇಳಿದರು. ಮೂರು ಕಡೆಯೂ ಮನೆ ಆಗಲೇ ಬೇರೆಯವರಿಗೆ ಗೊತ್ತಾಗಿಹೋಗಿತ್ತು. ಮೂರು ಕಡೆಯೂ ‘ಮನೆ ಬಾಡಿಗೆಗಿದೆ’ ಎಂಬ ಫಲಕ ಮಾರನೆಯ ವಾರವೂ ತೂಗುತ್ತಿತ್ತು. ಅವರು ಕಡೆಗೆ ದೂರದಲ್ಲೊಂದು ಕೋಣೆ ಹಿಡಿದು, ಸಂಸಾರವನ್ನು ಊರಿನಲ್ಲಿಯೇ ಬಿಟ್ಟು ಒಂದು ವರ್ಷ ಕಳೆದರು. ಕಾನೂನಿಲ್ಲವೆಂದಲ್ಲ. ಅಸ್ಪೃಶ್ಯತೆಯ ಕಾರಣದಿಂದ ಒಬ್ಬನನ್ನು ಯಾವುದೇ ಬಡಾವಣೆಯಲ್ಲಿ ವಾಸಿಸದಂತೆ ತಡೆಯುವುದು ದಂಡನೀಯವೆಂದು ನಾಗರಿಕ ಹಕ್ಕುಗಳ ಸಂರಕ್ಷಣೆಯ ೧೯೫೫ರ ಅಧಿನಿಯಮ ಹೇಳುತ್ತದೆ. ಆದರೆ ‘ಮನೆ ಗೊತ್ತಾಗಿಹೋಯಿತು’ ಎಂಬ ವಿನಯದ ಮಾತನ್ನು ಯಾವ ನ್ಯಾಯಾಲಯದ ಮುಂದೆ ಒಡ್ಡುವುದು?

ಇದು ಒಂದು ಊರಿನ ದೋಷವಲ್ಲ. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಈ ಪ್ರಶ್ನೆಯನ್ನು ಕೇಳಿಯೇ ಇದ್ದೇವೆ, ಎಷ್ಟೋ ಸಲ ಕೇಳಿದವರು ನಾವೇ. ಆ ಮಳೆಯ ರಾತ್ರಿ ನನ್ನ ತಾಯಿಯ ಕುರ್ಚಿಗೆ ಕೈಕೊಟ್ಟವರು ಮಾತ್ರ ಅದನ್ನು ಕೇಳಲಿಲ್ಲ. ನಾಲ್ಕು ದಿನ ಒಂದೇ ಒಲೆಯ ಗಂಜಿ ಉಂಡಾಗಲೂ ಕೇಳಲಿಲ್ಲ. ನಾಚಿಕೆಯೆಂಬುದು ನನಗೆ ಬಂದದ್ದು ಆಗ. ಮುಂದೆ ನಾನು ಎತ್ತರದ ಕೇರಿಯೊಂದರಲ್ಲಿ ಮನೆ ಹಿಡಿದ ಮೇಲೆ, ಮಹಡಿಯ ಭಾಗ ತೆರವಾದಾಗ ಆ ಸಹೋದ್ಯೋಗಿಯ ಹೆಸರನ್ನು ಹೇಳಿದೆ. ಮನೆಯೊಡೆಯರು ಒಂದು ವಾರ ಯೋಚಿಸಿ ಒಪ್ಪಿದರು. ಈಗ ಅವರ ಮಕ್ಕಳೂ ನನ್ನ ಮಕ್ಕಳೂ ಒಂದೇ ಬಸ್ಸಿಗೆ ಕಾಯುತ್ತಾರೆ. ಇದರಲ್ಲಿ ನನ್ನ ಔದಾರ್ಯವೇನೂ ಇಲ್ಲ. ಮೂರು ಬಾಗಿಲುಗಳು ಮುಚ್ಚಿದಾಗ ನಾನು ಸುಮ್ಮನಿದ್ದವನು.

ಹೊಸ ಊರಿಗೆ ಹೊರಟವರಿಗೆ ನಾನು ಹೇಳುವ ಮಾತುಗಳು ಕೆಲವೇ. ಮೊದಲಿಗೆ, ಮೂರು ತಿಂಗಳ ಮಟ್ಟಿಗೆ ಸಣ್ಣದೊಂದು ಬಿಡಾರ ಹಿಡಿಯಿರಿ. ಸಂಸಾರವನ್ನೂ ಪುಸ್ತಕಗಳನ್ನೂ ಆಮೇಲೆ ತರಬಹುದು. ಕೇರಿಯನ್ನು ನಕ್ಷೆಯಲ್ಲಿ ನೋಡಿದರೆ ಸಾಲದು, ಕಾಲಿನಲ್ಲಿ ನೋಡಿರಿ. ಬೆಳಿಗ್ಗೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ, ಸಾಧ್ಯವಾದರೆ ಮಳೆಯಲ್ಲಿ ಒಮ್ಮೆ. ಕಾಂಪೌಂಡಿನ ಗೋಡೆಯ ಮೇಲೆ ನೀರಿನ ಗುರುತು ಎಷ್ಟು ಎತ್ತರಕ್ಕಿದೆ, ಗೋಡೆಯ ಮೂಲೆಗಳಲ್ಲಿ ಬೂಷ್ಟು ಹಿಡಿದಿದೆಯೆ, ಪಡುವಣ ಗಾಳಿಮಳೆಗೆ ಒಡ್ಡಿದ ಕಿಟಕಿಗಳಿಗೆ ಸೂರಿದೆಯೆ ಎಂದು ನೋಡಿರಿ. ಮನೆಯೊಡೆಯರನ್ನು ಕೇಳುವುದಕ್ಕಿಂತ ಬೀದಿಯ ಕೊನೆಯ ಅಂಗಡಿಯವರನ್ನು, ರಿಕ್ಷಾದವರನ್ನು, ಹಿಂದಿನ ಬಾಡಿಗೆಯವರನ್ನು ಕೇಳಿರಿ; ಅವರಿಗೆ ಮನೆ ಮಾರುವ ಅವಸರವಿಲ್ಲ. ಕರಾರು ಪತ್ರವನ್ನು ಓದದೆ ಸಹಿ ಮಾಡಬೇಡಿರಿ. ಅದು ಬಹುಮಟ್ಟಿಗೆ ಹನ್ನೊಂದು ತಿಂಗಳಿಗೆ ಇರುವುದೇಕೆಂದರೆ, ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ೧೯೦೮ರ ನೋಂದಣಿ ಅಧಿನಿಯಮದಂತೆ ನೋಂದಾಯಿಸಬೇಕಾಗುತ್ತದೆ. ಬೇಸಗೆಯಲ್ಲಿ ಬಾವಿ ಬತ್ತಿದರೆ ನೀರಿನ ಲಾರಿಯ ಹಣ ಯಾರದು, ಸೂರು ಸೋರಿದರೆ ದುರಸ್ತಿ ಯಾರದು, ಮುಂಗಡ ಎಷ್ಟು ದಿನದಲ್ಲಿ ಹಿಂದಕ್ಕೆ ಬರುತ್ತದೆ, ಈ ಮೂರು ಅದರಲ್ಲಿ ಬರೆದಿರಲಿ. ಕಡೆಯದಾಗಿ, ಮನೆಯೊಳಗೆ ಕಾಲಿಟ್ಟ ವಾರದಲ್ಲಿಯೇ ಅಕ್ಕಪಕ್ಕದ ನಾಲ್ಕು ಮನೆಗಳವರನ್ನು ಕಂಡು ಮಾತನಾಡಿಸಿರಿ. ಅವರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವವರಾಗಿರಬಹುದು. ನಿಮ್ಮೊಡನೆ ಆಡುವ ಕನ್ನಡ ನಮ್ಮದಕ್ಕಿಂತ ಅಚ್ಚುಕಟ್ಟಾಗಿಯೇ ಇರುತ್ತದೆ. ಎಂಟು ತಿಂಗಳು ಒಂದು ಕೇರಿಯಲ್ಲಿದ್ದು ಆ ದಿಣ್ಣೆಯ ಮನೆಯವರನ್ನು ನಾನು ಮಾತನಾಡಿಸಿರಲಿಲ್ಲ. ಮಾತನಾಡಿಸಿದ್ದರೆ ಆ ಮುದುಕಿ ಬೈಲಿನ ಸಂಗತಿಯನ್ನು ಜೂನ್ ತಿಂಗಳಿಗೆ ಮೊದಲೇ ಹೇಳಿಬಿಡುತ್ತಿದ್ದರು.